ಉಕ್ಕಿನ ಮೇಲಿನ ಅಕ್ಷರಗಳು

ಯುರೋಪಿನ ಸೈನಿಕ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಜರ್ಮನ್ ಸೈನ್ಯದ ಕಾರ್ಬೈನುಗಳನ್ನು ಕಾಣಬಹುದು. ಕಾರ್ಬೈನ್ ಎಂದರೆ ಗಿಡ್ಡ ಬಂದೂಕು. ಕುದುರೆಯ ಮೇಲೆ ಕುಳಿತವನಿಗೆ ಪದಾತಿಯ ಉದ್ದನೆಯ ಬಂದೂಕು ತೊಡಕಾಗುವುದರಿಂದ ಅಶ್ವದಳಕ್ಕಾಗಿ ಇದನ್ನು ರೂಪಿಸಿದರು. 1888ರ ಮಾದರಿಯ ಕಾರ್ಬೈನು ಒಂದು ಮೀಟರಿಗಿಂತಲೂ ಗಿಡ್ಡ. ನೋಡುವವರು ಸಾಮಾನ್ಯವಾಗಿ ನಳಿಗೆಯನ್ನು ನೋಡಿ ಮುಂದೆ ಸಾಗುತ್ತಾರೆ. ಬಲ್ಲವರಾದರೋ ಭುಜಕ್ಕೆ ಒತ್ತುವ ಮರದ ಬುಡವನ್ನೇ ಮೊದಲು ಪರೀಕ್ಷಿಸುತ್ತಾರೆ. ಅದಕ್ಕೆ ತೊಡಿಸಿದ ಉಕ್ಕಿನ ತಗಡಿನ ಮೇಲೆ ಬಹುಮಟ್ಟಿಗೆ ಒಂದು ಸಾಲು ಅಚ್ಚೊತ್ತಿರುತ್ತದೆ.

ಆ ಸಾಲು '5. ಡಿ. 3. 97.' ಎಂದಿದೆಯೆನ್ನೋಣ. 'ಡಿ' ಎಂಬುದು ಡ್ರಗೂನ್ ಎಂಬ ಅಶ್ವದಳದ ಸೂಚನೆ. ಐದನೆಯ ಡ್ರಗೂನ್ ರೆಜಿಮೆಂಟು, ಅದರ ಮೂರನೆಯ ಸ್ಕ್ವಾಡ್ರನ್, ಅಲ್ಲಿಯ ತೊಂಬತ್ತೇಳನೆಯ ಆಯುಧ ಎಂದು ಅದರ ಅರ್ಥ. ಆ ರೆಜಿಮೆಂಟಿನ ನೆಲೆ ಹೊಫ್‌ಗೈಸ್ಮರ್ ಎಂಬ ಚಿಕ್ಕ ಊರು. 'ಎಚ್' ಹುಸಾರರನ್ನೂ 'ಯು' ಭರ್ಜಿ ಹಿಡಿದ ಉಲಾನರನ್ನೂ ಸೂಚಿಸುತ್ತವೆ. ಮೊದಲಲ್ಲಿ 'ಬಿ' ಇದ್ದರೆ ಆಯುಧ ಬವೇರಿಯದ ಸೈನ್ಯದ್ದು. ಒಂದು ಅಕ್ಷರ ಮಾತ್ರ ಹೊಸಬರನ್ನು ದಾರಿ ತಪ್ಪಿಸುತ್ತದೆ. ನೇರ ಗೆರೆಗಳ 'ಆರ್' ಪದಾತಿ ರೆಜಿಮೆಂಟನ್ನು ಸೂಚಿಸಿದರೆ, ಕೈಬರಹದಂತೆ ಬಾಗಿದ 'ಆರ್' ಮೀಸಲು ಪಡೆಯ ಗುರುತು. ಈ ನಿಯಮಗಳನ್ನು 1877ರಲ್ಲಿ ಗೊತ್ತುಮಾಡಿ, 1909ರಲ್ಲಿ ಪರಿಷ್ಕರಿಸಲಾಯಿತು. ಸರ್ಕಾರದ ಸ್ವತ್ತು ಕಳೆದುಹೋದರೆ ಯಾರು ಹೊಣೆ ಎಂಬುದು ತಿಳಿಯಬೇಕಷ್ಟೆ!

ಆಯುಧವು ಬೇರೊಂದು ದಳಕ್ಕೆ ಹೋದಾಗ ಹಳೆಯ ಸಾಲನ್ನು ಗೆರೆಯೆಳೆದು ಹೊಡೆದುಹಾಕಿ, ಹತ್ತಿರದಲ್ಲೇ ಹೊಸ ಸಾಲನ್ನು ಒತ್ತುತ್ತಿದ್ದರು. ಹೀಗೆ ಹೊಡೆದ ಸಾಲು ದೋಷವಲ್ಲ; ಅದು ಆಯುಧದ ಪೂರ್ವಚರಿತ್ರೆ. ನಳಿಗೆಯ ಬುಡದಲ್ಲಿ ಕೆಲವೊಮ್ಮೆ 1917, 1920 ಎಂಬ ಎರಡು ವರ್ಷಗಳು ಕಂಡು ಗೊಂದಲವಾಗುವುದುಂಟು. ಮೊದಲನೆಯದು ತಯಾರಾದ ವರ್ಷ. ಎರಡನೆಯದು, 1919ರ ವರ್ಸೇಲ್ಸ್ ಒಪ್ಪಂದವು ಜರ್ಮನಿಯ ಸೈನ್ಯವನ್ನು ಒಂದು ಲಕ್ಷ ಜನಕ್ಕೆ ಇಳಿಸಿದ ಬಳಿಕ, ಸರ್ಕಾರ ತನ್ನಲ್ಲಿ ಉಳಿದ ಆಯುಧಗಳ ಮೇಲೆ ಒತ್ತಿದ ಸ್ವಾಮ್ಯದ ಮುದ್ರೆ.

ಗುರುತುಳ್ಳ ಕಾರ್ಬೈನಿಗೆ ಬೆಲೆ ಹೆಚ್ಚು. ಆದುದರಿಂದ ಸುಳ್ಳು ಗುರುತುಗಳೂ ಹುಟ್ಟಿಕೊಂಡಿವೆ. ಇವುಗಳನ್ನು ಕಂಡುಹಿಡಿಯಲು ಲೆಕ್ಕವೇ ಒಳ್ಳೆಯ ಸಾಧನ. ಡ್ರಗೂನ್ ರೆಜಿಮೆಂಟುಗಳ ಸಂಖ್ಯೆಗಳು 1ರಿಂದ 26ರವರೆಗೆ ಮಾತ್ರ ಇದ್ದವು. ಶಾಂತಿಕಾಲದಲ್ಲಿ ಒಂದು ರೆಜಿಮೆಂಟಿಗೆ ಐದೇ ಸ್ಕ್ವಾಡ್ರನ್. '31. ಡಿ. 8.' ಎಂದು ಬರೆದವನು ಇತಿಹಾಸವನ್ನು ಓದಿದವನಲ್ಲ. ಲೆಕ್ಕ ಸರಿಯಾದರೆ ಉಕ್ಕನ್ನೇ ಕೇಳಬೇಕು. ತಗಡೆಲ್ಲ ತುಕ್ಕಿನಿಂದ ಕುಳಿಬಿದ್ದಿದ್ದು, ಅಕ್ಷರದ ತಳ ಮಾತ್ರ ಹೊಳೆಯುತ್ತಿದ್ದರೆ, ಆ ಅಕ್ಷರ ತುಕ್ಕಿಗಿಂತ ಈಚಿನದು.

ಇಷ್ಟು ಚಿಕ್ಕ ಗುರುತಿಗೆ ಇಷ್ಟೊಂದು ಪರೀಕ್ಷೆ ಏಕೆ? ಸಾಲಿನಲ್ಲಿ ಆಯುಧದ ಸಂಖ್ಯೆಯಿದೆಯೇ ಹೊರತು ಅದನ್ನು ಹೊತ್ತವನ ಹೆಸರಿಲ್ಲ. ಹೆಸರುಗಳಿದ್ದುದು ಸೈನ್ಯದ ಕಡತಗಳಲ್ಲಿ. ಬವೇರಿಯದ ಸೈನಿಕರ ಪಟ್ಟಿಗಳು ಮ್ಯೂನಿಕ್ ನಗರದಲ್ಲಿ ಇಂದಿಗೂ ಇವೆ. ಪ್ರಷ್ಯದ ಸೈನ್ಯದ ದಾಖಲೆಗಳನ್ನು ಪೋಟ್ಸ್‌ಡಾಮ್ ನಗರದಲ್ಲಿ ಇರಿಸಿದ್ದರು. 1945ರ ಏಪ್ರಿಲ್ ತಿಂಗಳ ವಿಮಾನದಾಳಿಯಲ್ಲಿ ಅವುಗಳ ಬಹುಭಾಗ ಸುಟ್ಟು ಬೂದಿಯಾಯಿತು. ಐದನೆಯ ಡ್ರಗೂನರು ಪ್ರಷ್ಯದವರೇ. ಹಾಗಿದ್ದೂ ಕಾರ್ಬೈನನ್ನು ಕೊಂಡ ಕೆಲವರು, ಅದು ಹೊಸದರಂತೆ ಕಾಣಲೆಂದು, ಬುಡದ ತಗಡನ್ನು ಮರಳುಕಾಗದದಿಂದ ಉಜ್ಜುತ್ತಾರೆ. ಅಕ್ಷರಗಳ ಆಳ ಕೂದಲೆಳೆಯಷ್ಟು. ಒಂದು ಮಧ್ಯಾಹ್ನದ ಉಜ್ಜುವಿಕೆಗೆ ಅವು ಉಳಿಯುವುದಿಲ್ಲ.