ಇಂಜಿನ್ನಿಗೆ ತಿದಿ ಕಟ್ಟುವ ಮುನ್ನ

ಕುಲುಮೆಯ ಮುಂದೆ ಒಂದು ಗಳಿಗೆ ನಿಂತು ನೋಡಿದವರಿಗೆ ತಿದಿಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಇದ್ದಲು ಅದೇ, ಕಬ್ಬಿಣವೂ ಅದೇ. ಆದರೆ ತಿದಿಯನ್ನು ಒತ್ತಿದೊಡನೆ ಮಂಕಾಗಿದ್ದ ಕೆಂಡ ಬೆಳ್ಳಗೆ ಉರಿಯತೊಡಗುತ್ತದೆ. ಬೆಂಕಿಗೆ ಸೌದೆಯಂತೆಯೇ ಗಾಳಿಯೂ ಆಹಾರವೆಂಬ ಈ ತತ್ತ್ವವನ್ನು ನಮ್ಮ ಹಳ್ಳಿಗಳ ಕಮ್ಮಾರರು ಯಾವ ಪುಸ್ತಕದ ನೆರವೂ ಇಲ್ಲದೆ ಅರಿತಿದ್ದರು. ಮೋಟಾರು ವಾಹನದ ಇಂಜಿನ್ನಿಗೆ ಜೋಡಿಸುವ ಸೂಪರ್‌ಚಾರ್ಜರ್ ಎಂಬ ಯಂತ್ರವೂ ಇಂಥ ಒಂದು ತಿದಿಯೇ. ಅದು ಹೊರಗಿನ ಗಾಳಿಯನ್ನು ಒತ್ತಿ, ಇಂಜಿನ್ ತಾನಾಗಿ ಎಳೆದುಕೊಳ್ಳಬಲ್ಲುದಕ್ಕಿಂತ ಹೆಚ್ಚು ಗಾಳಿಯನ್ನು ಸಿಲಿಂಡರಿನೊಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಇಂಧನವನ್ನು ಉರಿಸಬಹುದು. ಹೆಚ್ಚು ಇಂಧನ ಉರಿದರೆ ಹೆಚ್ಚು ಶಕ್ತಿ ದೊರೆಯುತ್ತದೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಇಂಜಿನ್ನಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಪಿಕಪ್ ವಾಹನವನ್ನು ನಂಬಿ ಬದುಕುವ ಮನೆಗಳು ಬಹಳ. ಹನೂರಿನ ಕಡೆಯ ಮುಸುಕಿನ ಜೋಳ, ಯಳಂದೂರಿನ ಭತ್ತ, ಕೊಳ್ಳೇಗಾಲದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು, ಬಾಳೆಗೊನೆ, ತರಕಾರಿ, ಜಾತ್ರೆಯ ಅಂಗಡಿಯ ಸಾಮಾನು, ಇವೆಲ್ಲ ಸಾಗುವುದು ಈ ಗಾಡಿಗಳಲ್ಲಿಯೇ. ನಮ್ಮದೂ ಅಂಥ ಮನೆ. ಅಣ್ಣನ ಪಿಕಪ್ಪಿನ ಬಾಡಿಗೆಯಿಂದಲೇ ನನ್ನ ಮೂರು ವರ್ಷದ ಓದು ನಡೆದಿದೆ. ಮೊಬೈಲಿನಲ್ಲಿ ಸೂಪರ್‌ಚಾರ್ಜರಿನ ಸುದ್ದಿ ಕಂಡ ಅಣ್ಣ, "ಇದ ಹಾಕುಸುದ್ರೆ ಬೆಟ್ಟದ ದಾರಿಲಿ ಇನ್ನೊಂದೆಂಟು ಮೂಟೆ ಹೆಚ್ಗೆ ತಗೊಂಡೋಗ್ಬೋದಾ? ಓದ್ದವ್ನಲ್ವಾ ನೀನು, ಲೆಕ್ಕ ಹಾಕಿ ಹೇಳು" ಎಂದು ಕೇಳಿದ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದು ನನ್ನ ಕರ್ತವ್ಯವಾಯಿತು. ಹುಡುಕಿದಾಗ ಕಂಡದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ತಿದಿಯ ಪೂರ್ವಚರಿತ್ರೆ

ಕುಲುಮೆಯ ಹೋಲಿಕೆ ಬರಿಯ ಅಲಂಕಾರವಲ್ಲ. ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿದ್ದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವು ಮೊದಲು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿಯೂದಲು ಬಳಕೆಯಾಯಿತು. ಒಂದರೊಳಗೊಂದು ಹೊಂದಿಕೊಂಡು ತಿರುಗುವ ಎರಡು ಉರುಳೆಗಳ ಆ ಯಂತ್ರದ ಮಾದರಿಯೇ ಇಂದಿಗೂ ಎಷ್ಟೋ ಸೂಪರ್‌ಚಾರ್ಜರುಗಳಲ್ಲಿ ಉಳಿದಿದೆ. ಜರ್ಮನಿಯ ಗಾಟ್ಲೀಬ್ ಡೈಮ್ಲರ್ 1885ರಲ್ಲಿ ಇಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದನು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇನ್ನೊಂದು ದಾರಿ ಕಂಡನು: ಹೊರಕ್ಕೆ ಹೋಗುವ ಹೊಗೆಯ ರಭಸದಿಂದಲೇ ಚಕ್ರವನ್ನು ತಿರುಗಿಸಿ ಗಾಳಿಯನ್ನು ಒತ್ತಬಹುದು ಎಂಬುದು ಅವನ ಯುಕ್ತಿ. ಇದೇ ಇಂದಿನ ಟರ್ಬೊ. ಸೂಪರ್‌ಚಾರ್ಜರ್ ಇಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಟರ್ಬೊ ಹೊಗೆಯಿಂದ ತಿರುಗುತ್ತದೆ. ವ್ಯತ್ಯಾಸ ಇಷ್ಟೇ.

ವಿಮಾನಗಳಿಗಂತೂ ಈ ತಿದಿ ಅನಿವಾರ್ಯವಾಯಿತು. ಮೇಲೆ ಹೋದಂತೆಲ್ಲ ಗಾಳಿ ತೆಳುವಾಗುತ್ತದೆಯಷ್ಟೆ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಅಂದಿನ ಡಕೋಟಾ ವಿಮಾನದ ಇಂಜಿನ್ನಿನಲ್ಲಿ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು. ನಮ್ಮ ಬೆಟ್ಟಗಳಲ್ಲಿಯೂ ಈ ತತ್ತ್ವವನ್ನು ಕಾಣಬಹುದು. ಬಿಳಿಗಿರಿರಂಗನ ಬೆಟ್ಟದ ದೇವಸ್ಥಾನ ಸಮುದ್ರಮಟ್ಟದಿಂದ ಸುಮಾರು 5000 ಅಡಿ ಎತ್ತರದಲ್ಲಿದೆ. ಕೊಳ್ಳೇಗಾಲ 2000 ಅಡಿಯ ಆಸುಪಾಸಿನಲ್ಲಿದೆ. ಅಲ್ಲಿನ ಗಾಳಿ ಇಲ್ಲಿನದಕ್ಕಿಂತ ನೂರಕ್ಕೆ ಹತ್ತರಷ್ಟು ಹಗುರ. ತಿದಿಯಿಲ್ಲದ ಇಂಜಿನ್ನಿನ ಶಕ್ತಿಯೂ ಹೆಚ್ಚುಕಡಮೆ ಅಷ್ಟೇ ಕುಂದುತ್ತದೆ.

ಗಾಳಿಯ ಲೆಕ್ಕ

ಎರಡೂವರೆ ಲೀಟರಿನ ಒಂದು ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಎರಡು ಸುತ್ತಿಗೆ ಒಮ್ಮೆ ಅದು ಉಸಿರೆಳೆಯುವುದರಿಂದ ನಿಮಿಷಕ್ಕೆ 5000 ಲೀಟರ್ ಗಾಳಿಯನ್ನು ನುಂಗಬೇಕು. ಇದು ಪೂರ್ಣ ತುಂಬಿದಾಗಿನ ಲೆಕ್ಕ. ವಾಸ್ತವದಲ್ಲಿ ಅಷ್ಟು ತುಂಬುವುದಿಲ್ಲ. ಸೂಪರ್‌ಚಾರ್ಜರ್ ಈ ಕೊರತೆಯನ್ನು ತುಂಬಿ, ಅದಕ್ಕೂ ಮೇಲೆ ತುರುಕುತ್ತದೆ.

ಹೊರಗಿನ ಒತ್ತಡವನ್ನು 100 ಎಂದಿಟ್ಟುಕೊಂಡು, ಯಂತ್ರವು ಅದನ್ನು 140ಕ್ಕೆ ಏರಿಸಿತೆನ್ನೋಣ. ಗಾಳಿಯೂ ನೂರಕ್ಕೆ ನಲವತ್ತು ಹೆಚ್ಚಿತೆಂದು ತಿಳಿದರೆ ತಪ್ಪಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಯಂತ್ರದ ದಕ್ಷತೆ ನೂರಕ್ಕೆ ಅರವತ್ತು ಇದ್ದರೆ, 27 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ ಸುಮಾರು 77 ಡಿಗ್ರಿಗೆ ಏರುತ್ತದೆ. ಆಗ ತೂಕದ ಲೆಕ್ಕದಲ್ಲಿ ಒಳಹೋಗುವ ಗಾಳಿ ಹೆಚ್ಚುವುದು ನೂರಕ್ಕೆ ಇಪ್ಪತ್ತು ಮಾತ್ರ. ನಡುವೆ ಇಂಟರ್‌ಕೂಲರ್ ಎಂಬ ತಂಪುಜಾಲರಿಯನ್ನಿಟ್ಟು 45 ಡಿಗ್ರಿಗೆ ಇಳಿಸಿದರೆ ನೂರಕ್ಕೆ ಮೂವತ್ತೆರಡು ದೊರೆಯುತ್ತದೆ. ಬೆಲ್ಟಿನ ಮೂಲಕ ಯಂತ್ರವನ್ನು ತಿರುಗಿಸಲು ತಗಲುವ ಶಕ್ತಿಯನ್ನು ಇದರಲ್ಲಿ ಕಳೆಯಬೇಕು. ದೊರೆತ ಶಕ್ತಿಯ ಒಂದಂಶವನ್ನು ತಿದಿಯೇ ತಿನ್ನುತ್ತದೆ.

ಸಿದ್ಧತೆಯ ಕ್ರಮ

ಮೊದಲನೆಯದಾಗಿ, ಇಂಜಿನ್ ಯಾವ ಜಾತಿಯದೆಂದು ತಿಳಿಯಬೇಕು. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ವಾಹನದಲ್ಲಿ 702 ಘನ ಸೆಂಟಿಮೀಟರಿನ, ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಡೀಸೆಲ್ ಇಂಜಿನ್ ಇತ್ತು, ಅದಕ್ಕೆ ತಿದಿಯಿರಲಿಲ್ಲ. ಆದರೆ ಎರಡೂವರೆ ಲೀಟರಿನ ಡೀಸೆಲ್ ಪಿಕಪ್ಪುಗಳಲ್ಲಿ ಟರ್ಬೊ ಎಂಬ ತಿದಿಯನ್ನು ಕಾರ್ಖಾನೆಯಲ್ಲಿಯೇ ಕಟ್ಟಿರುವುದುಂಟು. ಅಂಥ ಗಾಡಿಗೆ ಇನ್ನೊಂದನ್ನು ಹುಡುಕುವವರು ಇರುವುದು ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಬೇಕು.

ಎರಡನೆಯದು ಇಂಜಿನ್ನಿನ ಆರೋಗ್ಯ. ಪ್ರತಿಯೊಂದು ಸಿಲಿಂಡರಿಗೂ ಮಾಪಕವನ್ನಿಟ್ಟು ಕಂಪ್ರೆಷನ್ ಅಳೆಯಬೇಕು. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ರಿಂಗು, ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ ಸವೆದಿದೆಯೆಂದು ಸಂಶಯಪಡಬೇಕು. ಸವೆದ ಇಂಜಿನ್ನಿಗೆ ಒತ್ತಡ ಹೆಚ್ಚಿಸುವುದು ಹಳೆಯ ಗೋಡೆಯ ಮೇಲೆ ಅಟ್ಟ ಕಟ್ಟಿದಂತೆ.

ಮೂರನೆಯದು ಉಸಿರಿನ ದಾರಿ. ನಮ್ಮ ಕೆಮ್ಮಣ್ಣಿನ ರಸ್ತೆಗಳ ದೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಗಾಳಿ ಒಯ್ಯುವ ರಬ್ಬರ್ ಹೋಸು ಸೀಳಿದ್ದರೆ ಒತ್ತಿದ ಗಾಳಿಯೆಲ್ಲ ಬೀದಿಪಾಲು. ಹೊಗೆ ಕಪ್ಪಾಗುವುದು, ಏರಿನಲ್ಲಿ ಗಾಡಿ ಮುಗ್ಗರಿಸುವುದು, ಹೋಸಿನ ಹತ್ತಿರ ಸಿಳ್ಳೆಯಂಥ ಸದ್ದು ಕೇಳುವುದು ಇದರ ಲಕ್ಷಣಗಳು.

ನಾಲ್ಕನೆಯದು ಇಂಧನ. ಗಾಳಿ ಹೆಚ್ಚಿದಂತೆ ಅದಕ್ಕೆ ತಕ್ಕ ಇಂಧನವನ್ನೂ ಕೊಡಬೇಕು. ಒಂದು ಪಾಲು ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಬೇಕು. ಇಂಧನ ಕಡಮೆಯಾದರೆ ಉರಿ ಮಿತಿಮೀರಿ ಕಾದು ಪಿಸ್ಟನ್ ಕರಗಬಹುದು. ಪೆಟ್ರೋಲ್ ಇಂಜಿನ್ನಿನಲ್ಲಿ ಸರಿಯಾದ ಸಮಯಕ್ಕೆ ಮೊದಲೇ ಸಿಡಿಯುವ, ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವ ಬಡಿತ ಹುಟ್ಟುತ್ತದೆ. ಡೀಸೆಲಿನಲ್ಲಿ ಇಂಧನ ಅತಿಯಾದರೆ ಕಪ್ಪು ಹೊಗೆ, ಉರಿಯುವ ಒತ್ತಡ ಅತಿಯಾದರೆ ಗ್ಯಾಸ್ಕೆಟ್ಟಿಗೆ ಪೆಟ್ಟು.

ಐದನೆಯದು ಶಾಖ ಮತ್ತು ಚಾಲನೆ. ರೇಡಿಯೇಟರ್, ನೀರಿನ ಪಂಪು, ಆಯಿಲ್ ಇವು ಹೆಚ್ಚಿದ ಶಾಖವನ್ನು ಹೊರಬೇಕು. ಬೆಲ್ಟು ಜಾರದಂತೆ ಪುಲ್ಲಿಗಳು ಒಂದೇ ನೇರದಲ್ಲಿರಬೇಕು. ಇಂಜಿನ್ನಿನ ಪುಲ್ಲಿ 150 ಮಿಲಿಮೀಟರ್, ಸೂಪರ್‌ಚಾರ್ಜರಿನದು 75 ಮಿಲಿಮೀಟರ್ ಇದ್ದರೆ, ಇಂಜಿನ್ 4000 ಸುತ್ತು ತಿರುಗಿದಾಗ ಅದು 8000 ಸುತ್ತು ತಿರುಗುತ್ತದೆ. ಚಿಕ್ಕ ಪುಲ್ಲಿ ಹಾಕಿದಷ್ಟೂ ಒತ್ತಡ ಹೆಚ್ಚು, ಅಪಾಯವೂ ಹೆಚ್ಚು. ಅಲ್ಲಿಂದ ಮುಂದೆ ಕ್ಲಚ್ ಪ್ಲೇಟ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವು ಒಂದೊಂದೂ ಹೊಸ ಬಲವನ್ನು ತಡೆಯಬೇಕು.

ಕಾರ್ಖಾನೆಯವರೇ ಈ ಕೆಲಸ ಮಾಡಿದಾಗ ಹೇಗೆ ಮಾಡಿದರೆಂಬುದು ಗಮನಾರ್ಹ. ಅಮೆರಿಕದ ಫೋರ್ಡ್ ಕಂಪನಿ 1999ರಲ್ಲಿ ಎಫ್-150 ಲೈಟ್ನಿಂಗ್ ಎಂಬ ಪಿಕಪ್ಪಿಗೆ ಸೂಪರ್‌ಚಾರ್ಜರ್ ಕಟ್ಟಿತು. ಅದರ 5.4 ಲೀಟರ್ ಇಂಜಿನ್ 360 ಅಶ್ವಶಕ್ತಿ ಕೊಟ್ಟಿತು. ಅದಕ್ಕಾಗಿ ಕಂಪ್ರೆಷನ್ ಪ್ರಮಾಣವನ್ನು ತಗ್ಗಿಸಿದರು, ಭಾರಿ ಟ್ರಕ್ಕುಗಳ ಗಟ್ಟಿಯಾದ ಗೇರ್ ಬಾಕ್ಸನ್ನು ತಂದು ಜೋಡಿಸಿದರು. ತಿದಿಯನ್ನು ಕೊಳ್ಳುವುದು ಖರ್ಚಿನ ಮೊದಲ ಪುಟವಷ್ಟೇ ಎಂಬುದು ಇದರಿಂದ ವೇದ್ಯವಾಗುತ್ತದೆ.

ಏರಿನ ಲೆಕ್ಕ, ಇಳಿಜಾರಿನ ಲೆಕ್ಕ

ಇನ್ನು ಬಹು ಮುಖ್ಯವಾದ ಮಾತು. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹತ್ತಿದ ಗಾಡಿ ಅದೇ ತಿರುವುಗಳಲ್ಲಿ ಇಳಿಯಲೂ ಬೇಕು. ಸರಕು ಸೇರಿ 2500 ಕಿಲೋ ತೂಗುವ ವಾಹನ 1000 ಅಡಿ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ, ಇಪ್ಪತ್ತನಾಲ್ಕು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಇಳಿಯುವವರು ಇದನ್ನು ಎರಡರಿಂದಲೂ ಮಿಕ್ಕು ಗುಣಿಸಿಕೊಳ್ಳಬೇಕು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲೊಂದು ಪಾಲನ್ನು ಇಂಜಿನ್ ತಡೆಯುತ್ತದೆ. ಉಳಿದದ್ದೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎಂಟು ಮೂಟೆ ಹೆಚ್ಚಾದರೆ ಈ ಶಾಖವೂ ಹೆಚ್ಚಾಗುತ್ತದೆ. ಬ್ರೇಕು ಮಾತ್ರ ಹಳೆಯದೇ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ, ಒಂದೇ ಗಾಡಿಯಲ್ಲಿ ಇಂಜಿನ್ನಿಗೊಂದು ಬಲ, ಬ್ರೇಕಿಗೊಂದು ಬಲವಾದರೆ ನಡುವೆ ಕುಳಿತ ಚಾಲಕನ ಗತಿಯೇನು?

ಅಷ್ಟೇ ಅಲ್ಲ. ಗಾಡಿ ಎಷ್ಟು ಹೊರಬಹುದೆಂಬುದನ್ನು ಇಂಜಿನ್ ಒಂದೇ ನಿರ್ಧರಿಸುವುದಿಲ್ಲ. ಚಾಸಿ, ಆಕ್ಸಲ್, ಸ್ಪ್ರಿಂಗ್ ಪಟ್ಟಿ, ಟೈರು, ಬ್ರೇಕು ಇವೆಲ್ಲವನ್ನೂ ನೋಡಿ ನೋಂದಣಿ ಪತ್ರದಲ್ಲಿ ಒಟ್ಟು ತೂಕವನ್ನು ಬರೆದಿರುತ್ತಾರೆ. ಸೂಪರ್‌ಚಾರ್ಜರ್ ಕಟ್ಟಿದ ಮಾತ್ರಕ್ಕೆ ಆ ಅಂಕಿ ಒಂದು ಕಿಲೋದಷ್ಟೂ ಹೆಚ್ಚುವುದಿಲ್ಲ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಅಮೆರಿಕದಲ್ಲಿ ಪಿಕಪ್ಪುಗಳಿಗೆ ಇಂಥ ಸಲಕರಣೆಗಳು ಅಂಗಡಿಯಲ್ಲಿ ಸಿಗುವುದು ನಿಜ. ಆದರೆ ಅಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಪರೀಕ್ಷೆಯಾಗಿ ವಾಯುಮಂಡಳಿಯ ಆದೇಶಸಂಖ್ಯೆ ಪಡೆದ ಸಲಕರಣೆಯನ್ನಷ್ಟೇ ರಸ್ತೆಯ ವಾಹನಕ್ಕೆ ಜೋಡಿಸಬಹುದು. ಇಲ್ಲಿ ಅನುಮತಿಯಿಲ್ಲದೆ ಕಟ್ಟಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ತಕರಾರು ತೆಗೆಯಬಹುದು. ಆಗ ಉಳಿಯುವುದು ಗಾಡಿಯ ಸಾಲದ ಕಂತು ಮಾತ್ರ. ಬೆಳೆಯನ್ನೂ ಬಾಡಿಗೆಯನ್ನೂ ನಂಬಿದ ಮನೆಗೆ ಅದು ಸಣ್ಣ ಮಾತಲ್ಲ.

ಸಿದ್ಧತೆಯೇ ಫಲ

ಹಾಗಾದರೆ ಈ ಸಿದ್ಧತೆಯ ವಿಚಾರವೆಲ್ಲ ವ್ಯರ್ಥವೇ? ಎಂದಿಗೂ ಅಲ್ಲ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಕಂಪ್ರೆಷನ್ ಅಳೆಯುವುದು, ಫಿಲ್ಟರ್ ಬದಲಿಸುವುದು, ಹೋಸಿನ ಸೀಳನ್ನು ಹುಡುಕುವುದು, ಇಂಜೆಕ್ಟರ್ ಪರೀಕ್ಷಿಸುವುದು, ರೇಡಿಯೇಟರ್ ತೊಳೆಸುವುದು, ಬ್ರೇಕಿನ ಲೈನರ್ ನೋಡುವುದು, ಟೈರಿಗೆ ಸರಿಯಾದ ಗಾಳಿ ತುಂಬುವುದು, ಇವೆಲ್ಲ ಸೂಪರ್‌ಚಾರ್ಜರ್ ಇಲ್ಲದಿದ್ದರೂ ಮಾಡಬೇಕಾದ ಕೆಲಸಗಳೇ. ಇವುಗಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಾರ್ಖಾನೆ ಕೊಟ್ಟ ಶಕ್ತಿ ದೂಳಿನಲ್ಲಿಯೂ ಸೋರಿಕೆಯಲ್ಲಿಯೂ ಕಳೆದುಹೋಗಿದ್ದರೆ ಅದನ್ನು ಹಿಂದಕ್ಕೆ ಪಡೆಯುವ ದಾರಿ ಇದೇ. ಅಣ್ಣನ ಗಾಡಿಯಲ್ಲಿ ಟರ್ಬೊ ಮೊದಲಿನಿಂದಲೂ ಇತ್ತು; ಅದರ ಹೋಸು ಸೀಳಿತ್ತು. ಹೋಸು, ಫಿಲ್ಟರು, ಬ್ರೇಕಿನ ಲೈನರ್ ಮೂರನ್ನೂ ಬದಲಿಸಿದ ಮೇಲೆ ಏರಿನಲ್ಲಿ ಮುಗ್ಗರಿಸುವುದು ನಿಂತಿತು. ಎಂಟು ಮೂಟೆಯ ಪ್ರಶ್ನೆಗೆ ಮಾತ್ರ ನಾನು ಆಗದೆಂದೇ ಹೇಳಬೇಕಾಯಿತು. ಹೆಚ್ಚಿನ ಸರಕಿಗೆ ಇನ್ನೊಂದು ಸಲ ಹೋಗಿಬರುವುದೇ ಸರಿ.

ಬಿ.ಎ. ಪದವಿಯಿಂದ ಏನು ಪ್ರಯೋಜನವೆಂದು ನಮ್ಮ ಊರುಗಳಲ್ಲಿ ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದೇ. ನಮ್ಮನ್ನು ಓದಿಸುತ್ತಿರುವವರಲ್ಲಿ ಎಷ್ಟೋ ಮಂದಿ ಇದೇ ಬೆಟ್ಟದ ದಾರಿಗಳಲ್ಲಿ ಸ್ಟೀರಿಂಗ್ ಹಿಡಿದವರು. ಒಂದು ಕಾಯಿದೆಯ ವಿಧಿಯನ್ನು ಓದಿ ಹೇಳುವುದು, ಮೊಬೈಲಿನಲ್ಲಿ ಕಂಡ ಜಾಹೀರಾತಿನ ಮಾತನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು, ಇವು ನಮ್ಮಿಂದ ಆಗುವ ಕೆಲಸಗಳು. ಈ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ನೋಂದಣಿ ಪತ್ರದಲ್ಲಿ ಬರೆದಿರುವ ತೂಕವನ್ನು ಒಮ್ಮೆ ಓದಿ, ಅದರಲ್ಲಿ ಸಾಗುವ ಮೂಟೆಗಳನ್ನು ಎಣಿಸಿ, ಅದನ್ನು ನಡೆಸುವವರೊಡನೆ ಕುಳಿತು ಮಾತಾಡಬೇಕೆಂದು ಕೋರುತ್ತೇನೆ.