ಫಿಂಚ್ ಪಕ್ಷಿಗಳ ಗೂಡೂ ಮರಿಗಳ ಪಾಲನೆಯೂ

ನೇತ್ರಾವತಿ ಮತ್ತು ಕುಮಾರಧಾರೆಗಳು ಕೂಡುವ ನಮ್ಮ ಉಪ್ಪಿನಂಗಡಿಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಗದ್ದೆಯಂಚಿನ ಪೊದೆಗಳನ್ನು ನೋಡಿರಿ. ರಾಟವಾಳವೆಂಬ ಪುಟ್ಟ ಹಕ್ಕಿಗಳು ಕೊಕ್ಕಿನಲ್ಲಿ ಹುಲ್ಲಿನೆಸಳನ್ನು ಹಿಡಿದು ಅವುಗಳೊಳಗೆ ಹೊಕ್ಕು ಹೊರಡುತ್ತಿರುವದು ಕಾಣುವದು. ಇವುಗಳ ಕುಲಕ್ಕೇ ಸೇರಿದ, ಆಸ್ಟ್ರೇಲಿಯ ದೇಶದ ಜೀಬ್ರಾ ಫಿಂಚ್ ಪಕ್ಷಿಗಳನ್ನು ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮನೆಯಲ್ಲಿ ಸಾಕುತ್ತಾರೆ. ಮರಿಗಳು ಉಳಿಯುವದಿಲ್ಲವೆಂದು ಅವರು ದುಃಖದಿಂದ ಹೇಳುವದನ್ನು ಕೇಳಿದ್ದೇನೆ. ಆದದರಿಂದ ಈ ಪಾಠವನ್ನು ಬರೆದಿರುತ್ತೇನೆ.

ಮೊದಲು ಒಂದು ಎಚ್ಚರಿಕೆ. ರಾಟವಾಳವನ್ನಾಗಲಿ ಗಿಳಿಯನ್ನಾಗಲಿ ಹಿಡಿದು ಪಂಜರದಲ್ಲಿಡಕೂಡದು. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅದು ಅಪರಾಧವಾಗಿದೆ. ಜೀಬ್ರಾ ಫಿಂಚ್ ಆದರೋ ಅನೇಕ ತಲೆಮಾರುಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದದ್ದು. ಅದನ್ನು ಹೊರಗೆ ಬಿಟ್ಟರೆ ನಮ್ಮ ಸೀಮೆಯಲ್ಲಿ ಬದುಕಲಾರದು. ಹೀಗಿರುವದರಿಂದ ಅದರ ಸುಖದುಃಖಗಳೆರಡೂ ಸಾಕುವವರ ಕೈಯಲ್ಲಿಯೇ ಇರುತ್ತವೆ.

೧. ಜೋಡಿಯೂ ಕಾಲವೂ. ಗಂಡು ಹಕ್ಕಿಯ ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಮಚ್ಚೆಯುಂಟು, ಹೆಣ್ಣಿಗೆ ಇಲ್ಲ. ಹಕ್ಕಿಗಳಿಗೆ ಒಂಬತ್ತು ತಿಂಗಳಾದರೂ ತುಂಬಿದ ಮೇಲೆ ಗೂಡನ್ನು ಕೊಡುವದು ಒಳ್ಳೇದು. ಕಾಳೂ ಗೂಡೂ ಸದಾ ಸಿಕ್ಕಿದರೆ ಇವು ವರುಷವೆಲ್ಲಾ ಮೊಟ್ಟೆಯಿಡುತ್ತಾ ಹೋಗಿ ಹೆಣ್ಣು ಬಳಲಿ ಸಾಯುವದುಂಟು. ವರುಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಾರಿ ಸಾಕು. ಬಳಿಕ ಗೂಡನ್ನು ತೆಗೆದಿಡತಕ್ಕದ್ದು. ನಮ್ಮ ಜಡಿಮಳೆಯ ತಿಂಗಳುಗಳಲ್ಲಿ ಕಾಳಿಗೂ ಗೂಡಿಗೂ ಬೂಷ್ಟು ಹಿಡಿಯುವದರಿಂದ ಮಳೆ ನಿಂತ ಮೇಲೆ ಗೂಡಿಡುವದು ಲೇಸು.

೨. ಗೂಡು. ಚಿಕ್ಕ ಮರದ ಪೆಟ್ಟಿಗೆ ಸಾಕು. ಒಣಹುಲ್ಲನ್ನೂ ಮೆತ್ತಗಿನ ತೆಂಗಿನ ನಾರನ್ನೂ ಗಿಡ್ಡವಾಗಿ ಕತ್ತರಿಸಿ ಹಾಕಿರಿ. ಉದ್ದವಾದ ನೂಲನ್ನು ಹಾಕಬೇಡಿರಿ. ಅದು ಮರಿಗಳ ಕಾಲಿಗೆ ಸುತ್ತಿಕೊಳ್ಳುವದು. ಪಂಜರವಿಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆಗಳು ಹತ್ತವು. ಪಂಜರವನ್ನು ಅಡಿಗೆಮನೆಯಲ್ಲಿಡಬಾರದು. ಅಂಟದಂತೆ ಲೇಪಿಸಿದ ಕಾವಲಿಯು ಅತಿಯಾಗಿ ಕಾದಾಗ ಏಳುವ ಹಬೆಯು ಪಕ್ಷಿಗಳ ಪ್ರಾಣವನ್ನೇ ತೆಗೆಯುವದು.

೩. ಆಹಾರ. ನವಣೆ, ಸಾಮೆ, ಬರಗು ಇವು ನಿತ್ಯದ ಆಹಾರ. ಮೊಟ್ಟೆಯಿಡುವ ಹಕ್ಕಿಗೆ ಸುಣ್ಣದ ಅಂಶವು ಅವಶ್ಯ. ಅದಿಲ್ಲದಿದ್ದರೆ ಮೊಟ್ಟೆಯು ಹೊಟ್ಟೆಯಲ್ಲಿಯೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು. ಸಮುದ್ರದ ನೊರೆಯೆಂದು ಅಂಗಡಿಯಲ್ಲಿ ಸಿಕ್ಕುವ ಬಿಳಿ ಚಿಪ್ಪನ್ನಾಗಲಿ, ಕುದಿಸಿ ಒಣಗಿಸಿ ಪುಡಿಮಾಡಿದ ಕೋಳಿಮೊಟ್ಟೆಯ ಓಡನ್ನಾಗಲಿ ಇಡಿರಿ. ಮರಿಗಳಿರುವಾಗ ಬೇಯಿಸಿದ ಮೊಟ್ಟೆಯನ್ನೂ ಮೊಳಕೆಯ ಕಾಳನ್ನೂ ಕೊಡಬೇಕು. ಉಳಿದದ್ದನ್ನು ಕೆಲವು ತಾಸುಗಳಲ್ಲಿ ತೆಗೆದುಬಿಡಬೇಕು, ಯಾಕಂದರೆ ನಮ್ಮ ಸೆಕೆಯಲ್ಲಿ ಅದು ಬೇಗನೆ ಕೆಡುವದು.

೪. ಮೊಟ್ಟೆಯೂ ಮರಿಯೂ. ನಾಲ್ಕರಿಂದ ಆರು ಮೊಟ್ಟೆಗಳಿರುವವು. ತಾಯಿಯೂ ತಂದೆಯೂ ಸರದಿಯಿಂದ ಕಾವು ಕೊಡುವರು. ೧೨ರಿಂದ ೧೪ ದಿನಗಳಲ್ಲಿ ಮರಿ ಹೊರಡುವದು. ಸುಮಾರು ಮೂರು ವಾರಗಳಾದಾಗ ಗೂಡು ಬಿಡುವದು. ಆದರೆ ಗೂಡು ಬಿಟ್ಟದ್ದರಿಂದ ತಾನೇ ತಿನ್ನಲು ಕಲಿಯಿತೆಂದು ತಿಳಿಯಬೇಡಿರಿ. ತಾಯ್ತಂದೆಗಳು ಇನ್ನೂ ಎರಡು ವಾರಗಳ ಮಟ್ಟಿಗೆ ಉಣಿಸುವವು. ಆರು ವಾರಗಳು ತುಂಬುವದಕ್ಕೆ ಮುಂಚೆ ಮರಿಗಳನ್ನು ಬೇರ್ಪಡಿಸಬಾರದು.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರುಷಗಳ ಹಿಂದೆ ಒಂದು ಜೋಡಿಯನ್ನು ತರಗತಿಯ ಹೊರಗಿನ ಜಗಲಿಯಲ್ಲಿಟ್ಟಿದ್ದೆನು. ಐದು ಮೊಟ್ಟೆಗಳಾದವು. ಮಕ್ಕಳ ಜ್ಞಾನವು ಹೆಚ್ಚಲಿ ಎಂದು ನಾನೇ ದಿನಕ್ಕೆರಡು ಸಾರಿ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ತೋರಿಸಿದೆನು. ಆರನೆಯ ದಿನ ಹಕ್ಕಿಗಳು ಗೂಡಿಗೆ ಹೋಗಲಿಲ್ಲ, ಮೊಟ್ಟೆಗಳು ತಣ್ಣಗಾದವು. ಒಬ್ಬ ಚಿಕ್ಕ ಹುಡುಗಿ, "ಟೀಚರ್, ನಾವು ನೋಡಿದ್ದರಿಂದ ಹೀಗಾಯಿತೋ?" ಎಂದು ಕೇಳಿದಳು. "ನೀವಲ್ಲ ಮಗೂ, ನಾನು" ಎಂದೆನು.

ಮುಂದಿನ ಸಾರಿ ಪಂಜರದ ಮೂರು ಬದಿಗಳಿಗೆ ಬಟ್ಟೆ ಹೊದಿಸಿ ಮೂಲೆಯ ಕೋಣೆಯಲ್ಲಿಟ್ಟೆವು. ಅದೇ ಹುಡುಗಿಯೊಬ್ಬಳೇ ಮುಂಜಾನೆ ನೀರನ್ನೂ ಕಾಳನ್ನೂ ಬದಲಾಯಿಸಿ ಸದ್ದಿಲ್ಲದೆ ಬರುತ್ತಿದ್ದಳು. ಒಂದು ದಿನ ಗೂಡಿನಿಂದ ಸಣ್ಣ ದನಿ ಕೇಳಿತೆಂದು ಅವಳು ಓಡಿಬಂದು ಹೇಳಿದಾಗ ಶಾಲೆಯೆಲ್ಲಾ ಸಂತೋಷಪಟ್ಟಿತು; ಆದರೂ ಯಾರೂ ನೋಡಹೋಗಲಿಲ್ಲ. ಮೂರು ಮರಿಗಳು ಹಾರುವಷ್ಟಾದವು.

ಹಾಗೆಂದು ಎಂದಿಗೂ ಕೈ ಮುಟ್ಟಕೂಡದೆಂದಲ್ಲ. ರೋಮ ಮೂಡದ ಮರಿ ಕೆಳಗೆ ಬಿದ್ದರೆ ಅಂಗೈಯಲ್ಲಿ ಬೆಚ್ಚಗೆ ಮಾಡಿ ಗೂಡಿಗೇ ಸೇರಿಸಿರಿ. ಮನುಷ್ಯರ ಕೈವಾಸನೆಯಿಂದ ತಾಯಿ ಮರಿಯನ್ನು ತೊರೆಯುವದೆಂಬ ಮಾತು ನಿಜವಲ್ಲ. ಆಪತ್ತಿನಲ್ಲಿ ಒಮ್ಮೆ ಮುಟ್ಟುವದು ಬೇರೆ, ಕುತೂಹಲದಿಂದ ಪದೇ ಪದೇ ಕದಲಿಸುವದು ಬೇರೆ.

ಕೊನೆಗೊಂದು ಸಂಗತಿ. ಗಂಡುಮರಿಯು ಹಾಡನ್ನು ಹುಟ್ಟಿನಿಂದ ತರುವದಿಲ್ಲ. ಎಳೆತನದಲ್ಲಿ ತನ್ನ ತಂದೆಯ ಹಾಡನ್ನು ಕೇಳಿ ಕೇಳಿ ಕಲಿಯುವದು. ಒಂಟಿಯಾಗಿ ಬೆಳೆದದ್ದರ ಹಾಡು ಸರಿಯಾಗಿ ರೂಪುಗೊಳ್ಳುವದಿಲ್ಲ. ಪ್ರಿಯ ತಾಯ್ತಂದೆಗಳೇ, ನಮ್ಮ ಮನೆಗಳಲ್ಲಿ ಮಕ್ಕಳು ದಿನವೂ ಯಾವ ಮಾತನ್ನು ಕೇಳುತ್ತಿದ್ದಾರೆ? ಗುಬ್ಬಿಗಳನ್ನೂ ಮರೆಯದಿರುವ ದೇವರು ನಮ್ಮ ಕೈಗೆ ಒಪ್ಪಿಸಿದ ಎಳೆಯ ಜೀವಗಳನ್ನು ಪ್ರೀತಿಯಿಂದಲೂ ತಾಳ್ಮೆಯಿಂದಲೂ ಕಾಯುವ ಬುದ್ಧಿಯನ್ನು ನಮ್ಮೆಲ್ಲರಿಗೂ ಕೊಡಲಿ.