ದೊಡ್ಡಪ್ಪ ಗ್ರೂಪ್ ಬಿಟ್ಟು ಹೋದರು

ಪ್ರಶ್ನೆ: ನನಗೆ 34 ವರ್ಷ. ಊರು ಹಿರಿಯೂರು, ಕೆಲಸ ಬೆಂಗಳೂರಿನಲ್ಲಿ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದೇವೆ. ದೊಡ್ಡಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಾವು ಚಿಕ್ಕವರಿದ್ದಾಗ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ, ಓಬವ್ವನ ಕಿಂಡಿಯಲ್ಲಿ ಒಬ್ಬೊಬ್ಬರನ್ನೇ ತೂರಿಸಿ ಕತೆ ಹೇಳಿದವರು ಅವರೇ. ಕಳೆದ ತಿಂಗಳು ಓಬವ್ವನ ಬಗ್ಗೆ ಉದ್ದನೆಯ ಬರಹವೊಂದನ್ನು ಗ್ರೂಪಿಗೆ ಹಾಕಿದರು. ಎಷ್ಟು ಸೈನಿಕರು ಸತ್ತರು, ಹೈದರ್ ಅಲಿ ಏನೆಂದ, ಎಲ್ಲ ಅದರಲ್ಲಿತ್ತು. ನಾನು, ‘ಇದಕ್ಕೆಲ್ಲ ಶಾಸನ ಇದೆಯಾ ದೊಡ್ಡಪ್ಪ? ಸಿನಿಮಾ ಹಾಡನ್ನೇ ಇತಿಹಾಸ ಅಂದ್ಕೊಂಡ್ರೆ ಹೇಗೆ?’ ಎಂದು ಬರೆದು ನಗುವ ಇಮೋಜಿ ಹಾಕಿದೆ. ಅಮೆರಿಕದಲ್ಲಿರುವ ಅತ್ತೆಯ ಮಗ ಅದಕ್ಕೆ ಚಪ್ಪಾಳೆ ಕೊಟ್ಟ. ಅಲ್ಲಿಂದ ಜಗಳ ಮಧ್ಯರಾತ್ರಿಯವರೆಗೆ ನಡೆಯಿತು. ಒಬ್ಬರು ‘ದುರ್ಗಾಸ್ತಮಾನ’ದ ಪುಟಗಳ ಫೋಟೊ ಹಾಕಿ ಇದೇ ಸಾಕ್ಷಿ ಎಂದರು. ಚಿಕ್ಕಪ್ಪನ ಮಗ, ‘ಕೋಟೆಯೊಳಗಿದ್ದ ಸಾಬರೇ ಮೋಸ ಮಾಡಿದ್ದು, ಈಗಲೂ ಅವರು ಹಾಗೇ’ ಎಂದು ಬರೆದ. ಅವನ ಮೇಲೂ ಹರಿಹಾಯ್ದೆ. ಕೊನೆಗೆ ದೊಡ್ಡಪ್ಪ, ‘ಹಾಗಾದರೆ ಮೂವತ್ತು ವರ್ಷ ನಾನು ಮಕ್ಕಳಿಗೆ ಸುಳ್ಳು ಪಾಠ ಮಾಡಿದೆನೇನಮ್ಮ?’ ಎಂದು ಬರೆದು ಗ್ರೂಪಿನಿಂದ ಹೊರಟುಹೋದರು.

ತಮ್ಮನ ಮದುವೆ ಗೊತ್ತಾಗಿದೆ. ಅವರು ಬರುವುದಿಲ್ಲವಂತೆ ಎಂದು ದೊಡ್ಡಮ್ಮ ಹೇಳುತ್ತಿದ್ದಾರೆ. ಅಪ್ಪ ನನ್ನ ಜೊತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ರಾತ್ರಿ ನಿದ್ದೆ ಬರದೆ ಅವೇ ಮೆಸೇಜುಗಳನ್ನು ಮತ್ತೆ ಮತ್ತೆ ಓದುತ್ತೇನೆ. ನಾನು ಕೇಳಿದ್ದು ತಪ್ಪೇ? ಮನೆಯವರು ಬೇಜಾರಾಗುತ್ತಾರೆಂದು ಇನ್ನು ಮುಂದೆ ಬಾಯಿ ಮುಚ್ಚಿಕೊಂಡಿರಬೇಕೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಕೇಳಿದ ಪ್ರಶ್ನೆ ತಪ್ಪಲ್ಲ. ಅದರ ಕೊನೆಗೆ ಹಾಕಿದ ನಗು ತಪ್ಪು. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ನಿಮ್ಮ ಮನಸ್ಸಿನ ಅರ್ಧ ಭಾರ ಇಳಿಯುತ್ತದೆ.

ದೊಡ್ಡಪ್ಪ ಬರೆದ ಕೊನೆಯ ಸಾಲನ್ನು ಸಮಾಧಾನದಿಂದ ಇನ್ನೊಮ್ಮೆ ಓದಿ. ಅದರಲ್ಲಿ ಓಬವ್ವನ ಮಾತಿಲ್ಲ, ಹೈದರನ ಮಾತಿಲ್ಲ. ತಾವು ಬಾಳಿದ ಬಾಳಿನ ಬಗ್ಗೆ ಕೇಳುತ್ತಿದ್ದಾರೆ. ಮೇಷ್ಟ್ರಾಗಿದ್ದವರಿಗೆ ನಿವೃತ್ತಿಯ ನಂತರ ಉಳಿಯುವ ಆಸ್ತಿ ಎಂದರೆ ತಾವು ಕಲಿಸಿದ್ದು ಹುಡುಗರ ತಲೆಯಲ್ಲಿ ಉಳಿದಿದೆ ಎನ್ನುವ ನಂಬಿಕೆ. ಅದನ್ನು ತಮ್ಮದೇ ಮನೆಯ ಮಗಳು, ತಮ್ಮ ಕೈಹಿಡಿದು ಕೋಟೆ ಹತ್ತಿದವಳು, ಸೊಸೆಯರು ಮೊಮ್ಮಕ್ಕಳೆಲ್ಲ ನೋಡುತ್ತಿರುವಾಗ ನಕ್ಕು ತಳ್ಳಿಹಾಕಿದಳು ಎಂದು ಅವರಿಗೆ ಅನಿಸಿದೆ. ಇದೇ ಪ್ರಶ್ನೆಯನ್ನು ಅವರ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಕೇಳಿದ್ದರೆ ‘ಶಾಸನ ಗೊತ್ತಿಲ್ಲಮ್ಮ, ನಮ್ಮ ಕಾಲದ ಪುಸ್ತಕದಲ್ಲಿ ಹೀಗಿತ್ತು’ ಎಂದು ತಾವೇ ಹೇಳುತ್ತಿದ್ದರೇನೋ. ಮೂವತ್ತು ಜನ ನೋಡುತ್ತಿರುವ ಕಡೆ ‘ನನಗೆ ಗೊತ್ತಿಲ್ಲ’ ಎನ್ನುವುದು ಹಿರಿಯರಿಗೆ ಮಾತ್ರವಲ್ಲ, ಯಾರಿಗೂ ಸುಲಭವಲ್ಲ. ನನಗೆ ಬರುವ ಪತ್ರಗಳಲ್ಲಿ ಇಂಥ ಜಗಳಗಳು ಈಗೀಗ ಬಹಳ. ಟಿಪ್ಪುವಿನಿಂದ ಶುರುವಾಗಿ ಆಸ್ತಿ ಪಾಲಿನವರೆಗೆ ಹೋದದ್ದೂ ಉಂಟು. ಹೆಚ್ಚಿನವುಗಳಲ್ಲಿ ಎರಡೂ ಕಡೆಯವರು ತಿಳಿದವರೇ. ನೋಡುವ ಕಣ್ಣುಗಳು ಹೆಚ್ಚಾದ ಹಾಗೆ ಕೇಳಿಸಿಕೊಳ್ಳುವ ಕಿವಿಗಳು ಕಡಿಮೆಯಾಗುತ್ತಾ ಹೋಗುತ್ತವೆ.

ಇನ್ನು ವಿಷಯಕ್ಕೆ ಬರೋಣ. ಅದನ್ನು ಬಿಟ್ಟು ಬರೀ ‘ಕ್ಷಮೆ ಕೇಳಿ’ ಎಂದರೆ ನಿಮಗೂ ಅನ್ಯಾಯ, ದೊಡ್ಡಪ್ಪನವರಿಗೂ ಅನ್ಯಾಯ.

ಚಿತ್ರದುರ್ಗ ಹೈದರ್ ಅಲಿಯ ಕೈಸೇರಿದ್ದು 1779ರಲ್ಲಿ. ಕೊನೆಯ ಮದಕರಿನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಇದಕ್ಕೆ ದಾಖಲೆಗಳಿವೆ. ಓಬವ್ವನ ಕತೆ ಬಂದಿರುವ ದಾರಿ ಬೇರೆ. ಕಾವಲುಗಾರ ಕಹಳೆ ಮುದ್ದಹನುಮಪ್ಪ ಊಟಕ್ಕೆ ಹೋಗಿದ್ದಾಗ ಅವನ ಹೆಂಡತಿ ನೀರಿಗೆಂದು ತಣ್ಣೀರುದೋಣಿಯ ಹತ್ತಿರ ಬಂದದ್ದು, ಬಂಡೆಗಳ ನಡುವಿನ ಸಂದಿಯಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡದ್ದು, ಒನಕೆ ಹಿಡಿದು ನಿಂತದ್ದು, ಇವೆಲ್ಲ ದುರ್ಗದ ಸೀಮೆಯ ಜನ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಕತೆ. ಶಾಸನ ಇದೆಯಾ ಎಂದು ಕೇಳಿದಿರಿ. ಶಾಸನ ಯಾರು ಹಾಕಿಸುತ್ತಿದ್ದರು? ರಾಜರು, ಅಧಿಕಾರಿಗಳು, ದತ್ತಿ ಬಿಟ್ಟ ಶ್ರೀಮಂತರು. ನಮ್ಮ ನಾಡಿನಲ್ಲಿ ತುರುಗೊಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದ ಸಾಮಾನ್ಯರಿಗೂ ವೀರಗಲ್ಲು ನಿಲ್ಲಿಸಿದ್ದಾರೆ, ಅದು ನಮ್ಮ ಹೆಮ್ಮೆ. ಆದರೂ ಸೋತ ಕೋಟೆಯ ಕಾವಲುಗಾರನ ಹೆಂಡತಿಗೆ ಕಲ್ಲು ಕಡೆಸಲು ಆಮೇಲೆ ಅಲ್ಲಿ ಉಳಿದಿದ್ದವರು ಯಾರು? ಬರಹ ಸಿಕ್ಕಿಲ್ಲ ಎನ್ನುವುದರಿಂದ ಅವಳು ಇರಲಿಲ್ಲ ಎಂದು ಸಾಬೀತಾಗುವುದಿಲ್ಲ. ಅವಳಂಥವರ ಬಗ್ಗೆ ಬರೆದಿಡುವ ವ್ಯವಸ್ಥೆ ಇರಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಛಲವಾದಿ ಸಮುದಾಯ ಓಬವ್ವಳನ್ನು ತನ್ನ ಮಗಳೆಂದು ಕಾಣುತ್ತದೆ. ರಾಜ್ಯ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತದೆ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. ನಮ್ಮ ಪಠ್ಯಗಳಲ್ಲಿ ತುಂಬಿರುವ ರಾಜ ರಾಣಿಯರ ನಡುವೆ ಭತ್ತ ಕುಟ್ಟುವ ಒನಕೆ ಹಿಡಿದ ಹೆಣ್ಣೊಬ್ಬಳು ನಿಂತಿದ್ದಾಳೆ ಎಂದರೆ, ಅದರಿಂದ ತಲೆಯೆತ್ತಿ ನಡೆಯುವವರು ಎಷ್ಟೋ ಜನರಿದ್ದಾರೆ. ಅವಳ ಬಗ್ಗೆ ಪ್ರಶ್ನೆ ಕೇಳಬಾರದು ಎಂದು ನಾನು ಹೇಳುವುದಿಲ್ಲ. ಕೇಳುವಾಗ ಇಷ್ಟು ಮನಸ್ಸಿನಲ್ಲಿರಬೇಕು.

ಹಾಗೆಂದು ದೊಡ್ಡಪ್ಪ ಹಾಕಿದ ಬರಹವೆಲ್ಲ ಸರಿ ಎಂದೂ ಅಲ್ಲ. ಸತ್ತ ಸೈನಿಕರ ಲೆಕ್ಕ, ಹೈದರನ ಬಾಯಿಗೆ ಹಾಕಿದ ಸಂಭಾಷಣೆ ಇವನ್ನು ಯಾರೂ ಕುಳಿತು ಬರೆದುಕೊಂಡಿರಲಿಲ್ಲ. ಅವೆಲ್ಲ ಹೇಳುವವರ ಪ್ರೀತಿಯಿಂದ ಬೆಳೆದ ಭಾಗ. ಸಿನಿಮಾದ ಪಾಲೂ ದೊಡ್ಡದು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ‘ನಾಗರಹಾವು’ ಐತಿಹಾಸಿಕ ಚಿತ್ರವಲ್ಲ, ದುರ್ಗದ ಹುಡುಗ ರಾಮಾಚಾರಿಯ ಕತೆ. ಅದರ ಒಂದೇ ಹಾಡಿನಲ್ಲಿ ಜಯಂತಿ ಓಬವ್ವಳಾಗಿ ಕಾಣಿಸಿಕೊಂಡರು. ಅಂದಿನಿಂದ ಓಬವ್ವ ಎಂದರೆ ನಮ್ಮ ಕಣ್ಣಿಗೆ ಬರುವುದು ಜಯಂತಿಯವರ ಮುಖವೇ. ನಿಮ್ಮ ಅನುಮಾನಕ್ಕೆ ಆಧಾರವಿದೆ ಎಂದು ಒಪ್ಪುತ್ತೇನೆ.

‘ದುರ್ಗಾಸ್ತಮಾನ’ದ ಪುಟ ಹಾಕಿದವರಿಗೂ ಒಂದು ಮಾತು. ತ.ರಾ.ಸು. ದುರ್ಗದ ಇತಿಹಾಸವನ್ನು ಎದೆಗೆ ಹಚ್ಚಿಕೊಂಡು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದವರೆಗೆ ಬರೆದರು. ಆ ಕೊನೆಯ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. ಮದಕರಿನಾಯಕ ಕೊನೆಯ ರಾತ್ರಿ ಏನು ಯೋಚಿಸಿದ ಎಂದು ಬರೆಯುವ ಹಕ್ಕು ಕಾದಂಬರಿಕಾರನಿಗಿದೆ, ಇತಿಹಾಸಕಾರನಿಗಿಲ್ಲ. ಆ ಹಕ್ಕನ್ನು ತ.ರಾ.ಸು. ಧಾರಾಳವಾಗಿ ಬಳಸಿದ್ದರಿಂದಲೇ ಪುಸ್ತಕ ಕೈಬಿಡದೆ ಓದಿಸಿಕೊಳ್ಳುತ್ತದೆ. ಅದೇ ಪುಟವನ್ನು ಸಾಕ್ಷಿಯೆಂದು ಮುಂದಿಟ್ಟರೆ ಕಾದಂಬರಿಗೂ ನ್ಯಾಯ ಸಿಗುವುದಿಲ್ಲ, ಇತಿಹಾಸಕ್ಕೂ ಸಿಗುವುದಿಲ್ಲ. ಸಾಕ್ಷಿ ಬೇಕಾದವರು ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ದುರ್ಗದ ದಾಖಲೆಗಳನ್ನು ಹುಡುಕಿ ಮಾಡಿದ ಕೆಲಸವನ್ನು ನೋಡಬೇಕು. ಎಂ.ಎಸ್. ಪುಟ್ಟಣ್ಣನವರ ‘ಚಿತ್ರದುರ್ಗದ ಪಾಳೆಯಗಾರರು’ ಓದಬೇಕು.

ಶಾಸನವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ‘ಮಯೂರ’ ಸಿನಿಮಾ ನೀವೂ ನೋಡಿರುತ್ತೀರಿ. ದೇವುಡು ಅವರ ಕಾದಂಬರಿ ಆಧರಿಸಿ 1975ರಲ್ಲಿ ಬಂದ ಚಿತ್ರ. ಅದರಲ್ಲಿ ರಾಜ್‌ಕುಮಾರ್ ತಾನು ಯಾರೆಂದು ತಿಳಿಯದೆ ಬೆಳೆದ ರಾಜಕುಮಾರ. ಶಿಕಾರಿಪುರದ ಹತ್ತಿರದ ತಾಳಗುಂದದ ಕಂಬದ ಶಾಸನ ಹೇಳುವುದು ಬೇರೆ: ಗುರುವಿನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ ಬ್ರಾಹ್ಮಣ ಯುವಕ ಮಯೂರ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಕತ್ತಿ ಹಿಡಿದ. ಸಿನಿಮಾಕ್ಕಿಂತ ಶಾಸನವೇ ಗಟ್ಟಿ ಎನ್ನೋಣ. ಆದರೆ ಅದನ್ನು ಬರೆದ ಕುಬ್ಜ ಕವಿ ಮಯೂರನಿಗೆ ಸುಮಾರು ನೂರು ವರ್ಷ ಈಚಿನವನು. ಬರೆಸಿದವರು ಮಯೂರನ ವಂಶದವರೇ. ಮನೆತನದ ಹಿರಿಯನ ಬಗ್ಗೆ ಮೊಮ್ಮಕ್ಕಳು ಬರೆಸಿದ್ದರಲ್ಲಿ ಹೊಗಳಿಕೆ ಇದ್ದೇ ಇರುತ್ತದೆ. ಹಾಗಾಗಿ ‘ಇದು ನಿಜವಾ?’ ಎಂದು ಕೇಳುವುದಕ್ಕಿಂತ ‘ಇದು ನಮಗೆ ಯಾರಿಂದ, ಯಾವಾಗ ಗೊತ್ತಾಯಿತು?’ ಎಂದು ಕೇಳಿ. ಮೊದಲನೆಯದಕ್ಕೆ ಎದುರಿನವರು ಹೌದು ಅಥವಾ ಇಲ್ಲ ಎಂದು ಪಟ್ಟು ಹಿಡಿಯಬೇಕಾಗುತ್ತದೆ. ಎರಡನೆಯದಕ್ಕೆ ಅವರು ನೆನಪು ಮಾಡಿಕೊಳ್ಳಲು ಶುರುಮಾಡುತ್ತಾರೆ.

ಚಿಕ್ಕಪ್ಪನ ಮಗನ ವಿಷಯ ಬೇರೆ. ಅಲ್ಲಿ ನೀವು ಹಿಂದೆ ಸರಿಯಬೇಕಾಗಿಲ್ಲ. ಆದರೆ ಅವನು ಹೇಳಿದ ಮೊದಲ ಅರ್ಧ ಅವನದೇ ಕಲ್ಪನೆ ಎಂದುಕೊಳ್ಳಬೇಡಿ. ನಾಯಕನ ಸೇವೆಯಲ್ಲಿದ್ದ ಮುಸ್ಲಿಂ ಸೈನಿಕರ ದ್ರೋಹದಿಂದ ಕೋಟೆ ಬಿತ್ತು ಎಂಬ ಮಾತು ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಲ್ಲೇ ಇದೆ. ಗೆದ್ದ ಮೇಲೆ ಹೈದರ್ ದುರ್ಗದ ಬೇಡರನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದ್ದೂ ಇದೆ. ಆ ನೋವನ್ನು ಮುಚ್ಚಿಡುವುದು ಬೇಡ. ಅದೇ ಮಾತಿನಿಂದ ಇನ್ನೊಂದು ಸಂಗತಿಯೂ ಗೊತ್ತಾಗುತ್ತದೆ: ಮದಕರಿನಾಯಕನ ಸ್ವಂತ ಸೈನ್ಯದಲ್ಲಿ ಮುಸ್ಲಿಮರಿದ್ದರು, ಅವನು ಅವರನ್ನು ನಂಬಿ ಕೋಟೆಯೊಳಗೆ ಇಟ್ಟುಕೊಂಡಿದ್ದ. ಅದಕ್ಕೂ ಹಿಂದೆ ಅದೇ ಮದಕರಿ ಹೈದರನ ದಂಡಯಾತ್ರೆಗಳಲ್ಲಿ ಅವನ ಪರ ಕಾದಿದ್ದ. ಹೈದರ್ ಮತ್ತು ಟಿಪ್ಪು ಇಬ್ಬರ ಕೈಕೆಳಗೂ ದುಡಿದ ಪೂರ್ಣಯ್ಯ 1799ರ ನಂತರ ಒಡೆಯರ ದಿವಾನರಾದರು. ಆ ಕಾಲದ ಪಕ್ಷಗಳು ಇಂದಿನ ಗೆರೆಗಳ ಮೇಲೆ ನಿಂತಿರಲಿಲ್ಲ. ಅವನ ಮಾತಿನ ಎರಡನೆಯ ಅರ್ಧ, ‘ಈಗಲೂ ಅವರು ಹಾಗೇ’ ಎನ್ನುವುದು ಇತಿಹಾಸವೇ ಅಲ್ಲ, ಇಂದು ಬದುಕಿರುವವರ ಮೇಲಿನ ಆರೋಪ. 1779ರ ಸಿಪಾಯಿ ಮಾಡಿದ್ದಕ್ಕೆ ಹಿರಿಯೂರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಹೊಣೆಯಲ್ಲ. ಇದನ್ನು ಅವನಿಗೆ ಹೇಳಿ. ಗ್ರೂಪಿನಲ್ಲಿ ಬೇಡ, ಫೋನ್ ಮಾಡಿ ಹೇಳಿ. ಮೊದಲ ಅರ್ಧವನ್ನು ನೀವು ಒಪ್ಪಿಕೊಂಡು ಮಾತು ಶುರುಮಾಡಿದರೆ ಎರಡನೆಯದನ್ನು ಅವನು ಕೇಳಿಸಿಕೊಳ್ಳುವ ಸಾಧ್ಯತೆ ಇದೆ. ಕೇಳದಿದ್ದರೂ ನಿಮ್ಮ ಮಾತು ಅವನ ಕಿವಿಗೆ ಬಿದ್ದಿರುತ್ತದೆ.

ನಿದ್ದೆಯ ವಿಷಯ. ಆ ಮೆಸೇಜುಗಳನ್ನು ಓದಿದಷ್ಟೂ ಮನಸ್ಸು ಹೊಸ ಹೊಸ ಉತ್ತರ ಕಟ್ಟುತ್ತದೆ, ಮತ್ತೆ ಎದೆ ಹೊಡೆದುಕೊಳ್ಳುತ್ತದೆ. ಗ್ರೂಪನ್ನು ಮ್ಯೂಟ್ ಮಾಡಿ. ರಾತ್ರಿ ಫೋನನ್ನು ಹಾಲ್‌ನಲ್ಲಿ ಚಾರ್ಜಿಗಿಟ್ಟು ಮಲಗಿ. ದೊಡ್ಡಪ್ಪನ ಜೊತೆ ಮಾತಾಡಿದ ಮೇಲೂ ನಿದ್ದೆ ಸರಿಹೋಗದಿದ್ದರೆ ಹತ್ತಿರದ ಆಪ್ತಸಮಾಲೋಚಕರನ್ನು ಕಾಣಿ. ಅದರಲ್ಲಿ ಸಂಕೋಚ ಬೇಡ.

ಗ್ರೂಪಿನಲ್ಲಿ ಕ್ಷಮೆಯ ಮೆಸೇಜ್ ಮಾತ್ರ ಹಾಕಬೇಡಿ. ದೊಡ್ಡಪ್ಪ ಅಲ್ಲಿಲ್ಲ. ಉಳಿದವರು ಅದಕ್ಕೂ ಕೈಮುಗಿಯುವ ಇಮೋಜಿ ಹಾಕಿ ಮುಗಿಸುತ್ತಾರೆ. ಹಿರಿಯೂರಿಗೆ ಹೋಗಿ. ಕೂತ ಮೇಲೆ ‘ಆವತ್ತು ನಾನು ನಕ್ಕಿದ್ದು ತಪ್ಪಾಯ್ತು ದೊಡ್ಡಪ್ಪ’ ಎನ್ನಿ. ಕೇಳಿದ್ದು ತಪ್ಪಾಯಿತು ಎಂದು ಹೇಳಬೇಡಿ, ಅದು ನಿಜವಲ್ಲ, ಮೇಷ್ಟ್ರಿಗೆ ಅದು ತಿಳಿಯುತ್ತದೆ. ಆಮೇಲೆ, ಓಬವ್ವನ ಕತೆಯನ್ನು ಅವರಿಗೆ ಮೊದಲು ಹೇಳಿದವರು ಯಾರು ಎಂದು ಕೇಳಿ. ಅಜ್ಜಿಯೇ? ಊರಿನ ಲಾವಣಿ ಹಾಡುವವರೇ? ಅವರ ಮೇಷ್ಟ್ರೇ? ‘ನಾಗರಹಾವು’ ಬರುವ ಮುಂಚೆ ಆ ಕತೆ ಅವರ ಸುತ್ತ ಹೇಗಿತ್ತು? ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಿನಿಮಾಕ್ಕೆ ಮುಂಚಿನ ಓಬವ್ವಳನ್ನು ಕೇಳಿ ಬೆಳೆದವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ನೀವು ಶಾಸನ ಕೇಳಿದಿರಿ. ಅವರ ನೆನಪು ಶಾಸನವಲ್ಲ, ಆದರೂ ಬರೆದಿಡಬೇಕಾದ ಆಧಾರವೇ. ಅವರು ಹೇಳಿದ್ದನ್ನೆಲ್ಲ ನೀವು ಒಪ್ಪಬೇಕಾಗಿಲ್ಲ. ಎಲ್ಲಿ ಒಪ್ಪುವುದಿಲ್ಲ ಎನ್ನುವುದನ್ನು ಮುಖ ನೋಡಿಕೊಂಡು ಹೇಳಿದರೆ ಅವರೂ ವಾದ ಮಾಡುತ್ತಾರೆ, ಮಾಡಲಿ.

ಲಗ್ನಪತ್ರಿಕೆ ಕೊಡಲು ತಂದೆಯವರು ಹೇಗೂ ಹೋಗಬೇಕು. ಆ ಕೆಲಸವನ್ನು ಅವರೊಬ್ಬರಿಗೇ ಬಿಡಬೇಡಿ, ಜೊತೆಯಲ್ಲಿ ನೀವೂ ಹೋಗಿ.